ಗಡಿಬಿಡಿ ಏನಿಲ್ಲ, ಬಾ

ಅವ್ವ ತೀರಿಕೊಂಡು ಮೂರು ವರ್ಷ ತುಂಬಿದ ದಿನ ನಾವೆಲ್ಲ ಲಕ್ಷ್ಮೇಶ್ವರದ ತವರುಮನೆಯಲ್ಲಿ ಹೋಳಿಗೆ ಊಟ ಮುಗಿಸಿ ಕೂತು ನೋಡಿದ್ದು ಜರ್ಮನಿಯ ಪೊಲೀಸ್ ಧಾರಾವಾಹಿಯ ಒಂದು ಕಂತು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ನಾಚಬೇಕಾದವನು ನನ್ನ ಅಣ್ಣ. ಪಡಸಾಲೆಯ ಗೋಡೆಯ ನಡುವೆ ಇದ್ದ ಅವ್ವನ ಫೋಟೋವನ್ನು ಒಂದು ಮೊಳ ಮೇಲಕ್ಕೆ ಸರಿಸಿ ಆ ಜಾಗದಲ್ಲಿ ಬಾಗಿಲಿನಷ್ಟು ಅಗಲದ ಟಿವಿ ಹಚ್ಚಿಸಿದ್ದ. ಫೋಟೋಕ್ಕೆ ಬೆಳಿಗ್ಗೆ ಹಾಕಿದ ಮಲ್ಲಿಗೆ ಮಾಲೆಯ ತುದಿ ಟಿವಿಯ ಮೂಲೆಗೆ ತಾಗುತ್ತಿತ್ತು. ಅದು ಕಣ್ಣಿಗೆ ಅಡ್ಡ ಬರುತ್ತದೆಂದು ಎದ್ದು ಹೋಗಿ ಅದನ್ನೂ ಮೇಲಕ್ಕೆ ಕಟ್ಟಿದ.

ಅಣ್ಣನದು ಬಟ್ಟೆ ಅಂಗಡಿ. ಮಂಡಿ ನೋವು ಶುರುವಾದ ಮೇಲೆ ಮಧ್ಯಾಹ್ನ ಅಂಗಡಿಗೆ ಹೋಗುವುದನ್ನು ಬಿಟ್ಟು ಈ ಧಾರಾವಾಹಿ ಹಿಡಿದಿದ್ದ. ನಮ್ಮ ಕನ್ನಡದ ಧಾರಾವಾಹಿಗಳಲ್ಲಿ ಬರೀ ಅಳು ಅಂತೆ, ಬುದ್ಧಿಗೆ ಕೆಲಸವೇ ಇಲ್ಲವಂತೆ. ಜರ್ಮನ್ನರದು ಹಾಗಲ್ಲ, ಪ್ರತಿ ಕಂತಿಗೂ ಒಂದು ಕೊಲೆ, ಒಬ್ಬ ಕಳ್ಳ, ಒಂದು ಉಪಾಯ. ಇದನ್ನೆಲ್ಲ ಅವನು ಹಿಂದಿಯಲ್ಲಿ ನೋಡುತ್ತಿದ್ದ. ಅವನ ಹಿಂದಿಯೆಂದರೆ ಹುಬ್ಬಳ್ಳಿಯ ಹೋಲ್‌ಸೇಲ್ ಅಂಗಡಿಯವರ ಜೊತೆ ಸೀರೆಯ ದರ ಕೇಳುವಷ್ಟು. ನನ್ನ ವೈನಿಗೆ, ಅಂದರೆ ಅವನ ಹೆಂಡತಿಗೆ, ಅಷ್ಟೂ ಬಾರದು. ಆದರೂ ಇಬ್ಬರೂ ಕೂತು ಜರ್ಮನಿಯ ಅಪರಾಧಗಳ ಬಗ್ಗೆ ತೀರ್ಪು ಕೊಡುತ್ತಿದ್ದರು.

ನಾನು ಬೆಟಗೇರಿಯಲ್ಲಿ ಮೂವತ್ತು ವರ್ಷ ಹೈಸ್ಕೂಲು ಮಕ್ಕಳಿಗೆ ಗಣಿತ ಕಲಿಸಿ ನಿವೃತ್ತಳಾದವಳು. ತಪ್ಪು ಲೆಕ್ಕ ಕಂಡರೆ ಸುಮ್ಮನಿರುವ ಸ್ವಭಾವವಲ್ಲ. ಆ ದಿನ ಮಾತ್ರ ತಿಥಿಯ ದಿನವೆಂದು ಬಾಯಿ ಮುಚ್ಚಿಕೊಂಡು, ನಮ್ಮ ಮನೆಯವರ ಪಕ್ಕ ಗೋಡೆಗೆ ಆತು ಕೂತಿದ್ದೆ. ಬೀಗರು, ಓಣಿಯವರು ಸೇರಿ ಹತ್ತು ಹನ್ನೆರಡು ಜನ ಎಲೆಯಡಿಕೆ ಹಾಕಿಕೊಂಡು ಟಿವಿಯತ್ತ ಮುಖ ಮಾಡಿದ್ದರು.

ಧಾರಾವಾಹಿಯಲ್ಲಿ ಊರು ಬೂದಿ ಬಣ್ಣದ್ದು, ಆಕಾಶವೂ ಅದೇ ಬಣ್ಣದ್ದು. ಕಾಲುವೆಯ ದಂಡೆಯಲ್ಲಿ ನಿಂತ ಒಂದು ಕಾರಿನಲ್ಲಿ ಡ್ರೈವಿಂಗ್ ಕಲಿಸುವ ಮಾಸ್ತರನ ಹೆಣ. ತಪಾಸಣೆಗೆ ಬಂದವರು ಇಬ್ಬರು. ಒಬ್ಬಳು ಸಣಕಲು ಹೆಂಗಸು, ಇನ್ನೊಬ್ಬ ದಪ್ಪ ಮನುಷ್ಯ. ಆ ದಪ್ಪನವನು ಎಲ್ಲಿ ನೋಡಿದರೂ ತಿಂಡಿ ಗಾಡಿಯ ಮುಂದೆ ನಿಂತುಕೊಂಡೇ ಏನೋ ತಿನ್ನುತ್ತಿರುತ್ತಾನೆ. ಯಾರೂ ಯಾರಿಗೂ ಕುಂಡ್ರಿ ಅನ್ನುವುದಿಲ್ಲ. ಬೂಟು ಹಾಕಿಕೊಂಡೇ ಅಡುಗೆಮನೆಯವರೆಗೆ ಹೋಗುತ್ತಾರೆ. ತುಟಿ ನಿಂತ ಮೇಲೂ ಹಿಂದಿ ಮಾತು ಮುಂದುವರಿಯುತ್ತದೆ. ಸತ್ತವನ ಹೆಂಡತಿಗೂ ತಪಾಸಣೆಯ ಹೆಂಗಸಿಗೂ ಒಬ್ಬಳೇ ದನಿ ಕೊಟ್ಟಿದ್ದಳೆಂದು ನನಗೆ ಎರಡನೇ ಮಾತಿಗೇ ಗೊತ್ತಾಯಿತು. ಇದನ್ನು ನೋಡಿ ಬುದ್ಧಿ ಬೆಳೆಸಿಕೊಳ್ಳುವವರ ಬುದ್ಧಿ ಎಷ್ಟಿದ್ದೀತು ನೀವೇ ಹೇಳಿ.

ಆ ಇಬ್ಬರೂ ಸತ್ತವನ ಮನೆಗೆ ಹೋದರು. ಹೆಂಡತಿ ಬಾಗಿಲು ತೆರೆದಳು. ಸಣಕಲು ಹೆಂಗಸು ಹೊಸ್ತಿಲ ಹೊರಗೇ ನಿಂತು, ನಿಮ್ಮ ಗಂಡ ತೀರಿಹೋಗಿದ್ದಾರೆ, ಇಂದು ಬೆಳಿಗ್ಗೆ ಕಾಲುವೆಯ ಹತ್ತಿರ ಸಿಕ್ಕರು, ಎಂದಳು. ಅಷ್ಟೇ. ಹೆಂಡತಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಮರುಗಳಿಗೆಗೆ ಕೋಟೂ ಹಾಕಿಕೊಳ್ಳದೆ ಅವರ ಹಿಂದೆ ಓಡಿ ಕಾರು ಹತ್ತಿದಳು. ಮುಂದಿನ ದೃಶ್ಯದಲ್ಲಿ ಆಸ್ಪತ್ರೆಯ ತಣ್ಣನೆಯ ಕೋಣೆಯಲ್ಲಿ ಗಂಡನ ಮುಖದ ಮೇಲಿನ ಬಟ್ಟೆ ಸರಿಸಿ ನೋಡುತ್ತಿದ್ದಳು.

ನಮ್ಮ ಪಡಸಾಲೆಯಲ್ಲಿ ಎಲ್ಲರೂ ಒಟ್ಟಿಗೆ ನಾಲಿಗೆ ಲೊಚಗುಟ್ಟಿದರು.

"ಏನ್ ಜನಾರೀ ಇವರು. ಮಾರಿ ಮ್ಯಾಲ ಹೊಡದಂಗ ಹೇಳೂದಾ? ಒಂದೀಟ ನೀರ ಕೊಟ್ಟು, ಕುಂಡ್ರಿಸಿ, ನಿಧಾನಕ ಹೇಳಬಾರದಾ?" ಎಂದಳು ವೈನಿ.

"ಕರಳ ಅನ್ನೂದ ಇಲ್ಲ ಇವರಿಗೆ," ಎಂದ ಅಣ್ಣ. "ನಮ್ಮ ಮಂದಿ ಆಗಿದ್ರ ಹಿಂಗ ಎಂದೂ ಹೇಳತಿದ್ದಿಲ್ಲ."

ಆ ಮಾತಂತೂ ಖರೆ. ನಮ್ಮ ಸೀಮೆಯಲ್ಲಿ ಸಾವಿನ ಸುದ್ದಿಯನ್ನು ಸಾವಿನ ಸುದ್ದಿ ಎಂದು ಯಾರೂ ಹೇಳುವುದಿಲ್ಲ. ದೂರದಲ್ಲಿ ಇದ್ದವರಿಗೆ ಫೋನ್ ಮಾಡಿ, ಸ್ವಲ್ಪ ಆರಾಮಿಲ್ಲ, ಬಂದು ಹೋಗ್ರಿ, ಎನ್ನುತ್ತಾರೆ. ಹೆಣ್ಣುಮಕ್ಕಳಿಗಾದರೆ, ಗಡಿಬಿಡಿ ಏನಿಲ್ಲ, ಎಂದು ಒಂದು ಬಾಲವನ್ನೂ ಹಚ್ಚುತ್ತಾರೆ. ಹಾದಿಯಲ್ಲಿ ಬರುವವರ ಎದೆ ಒಡೆಯಬಾರದಲ್ಲ. ಹೀಗೆ ಅಡ್ಡಗೋಡೆಯ ಮೇಲೆ ದೀಪ ಇಡಲು ಪ್ರತಿ ಮನೆತನದಲ್ಲೂ ಗಟ್ಟಿ ಎದೆಯವನೆಂದು ಹೆಸರಾದ ಒಬ್ಬ ಗಂಡಸು ಇರುತ್ತಾನೆ. ನಮ್ಮ ಮನೆತನಕ್ಕೆ ಆ ಗಂಡಸು ನನ್ನ ಅಣ್ಣ. ಯಾರ ಮನೆಯಲ್ಲಿ ಯಾರು ಸತ್ತರೂ ಫೋನು ಅವನ ಕೈಗೇ ಬರುತ್ತಿತ್ತು, ಅವನೂ ಅದನ್ನೊಂದು ಹುದ್ದೆಯ ಹಾಗೆ ನಡೆಸಿಕೊಂಡು ಬಂದಿದ್ದ.

ಮೂರು ವರ್ಷದ ಹಿಂದೆ ಬೆಳಿಗ್ಗೆ ಹತ್ತರ ಸುಮಾರಿಗೆ ಅವನು ನನಗೆ ಫೋನ್ ಮಾಡಿದ.

"ತಂಗಿ, ಅವ್ವಗ ಸ್ವಲ್ಪ ಆರಾಮಿಲ್ಲ. ಬಂದ ಹೋಗವಾ. ಗಡಿಬಿಡಿ ಏನಿಲ್ಲ."

"ಡಾಕ್ಟರಿಗೆ ತೋರ್ಸಿದ್ಯೇನು?"

"ತೋರ್ಸೇನಿ."

"ಏನರ ಉಂಡಾಳೇನು?"

"ಇನ್ನೂ ಇಲ್ಲ."

ಇನ್ನೂ ಇಲ್ಲ ಎಂದ. ಅವ್ವನ ಉಸಿರು ನಿಂತು ಆಗಲೇ ಎರಡು ತಾಸಾಗಿತ್ತು. ಬೇರೆ ಏನನ್ನಾದರೂ ಮರೆತೇನು, ಈ 'ಇನ್ನೂ ಇಲ್ಲ'ವನ್ನು ಮರೆಯಲಾರೆ.

ಅವ್ವ ಉಂಡಿಲ್ಲವೆಂದ ಮೇಲೆ ಮಗಳು ಏನು ಮಾಡುತ್ತಾಳೆ? ಜೋಳದ ನುಚ್ಚು ಕುದಿಸಿದೆ. ಅವ್ವನಿಗೆ ಅದು ಗಂಟಿರಬಾರದು, ಸಣ್ಣ ಉರಿಯಲ್ಲಿ ತಿರುವುತ್ತ ನಿಂತೆ. ಹಲ್ಲಿಲ್ಲದವಳಿಗೆ ಬೇಕೆಂದು ನಾಲ್ಕು ಮೆತ್ತನೆಯ ರೊಟ್ಟಿ ಬಡಿದೆ. ಮಾಸ್ತರಣಿಯಾಗಿ ಮುದ್ದೆಯಾದ ಸೀರೆ ಉಟ್ಟು ಬಂದರೆ ಅವ್ವ ಬೈಯುತ್ತಿದ್ದಳು, ಅದಕ್ಕೆ ಒಂದು ಕಾಟನ್ ಸೀರೆಗೆ ಇಸ್ತ್ರಿ ಮಾಡಿಕೊಂಡೆ. ಗದಗಿನ ಬಸ್‌ಸ್ಟ್ಯಾಂಡಿನಲ್ಲಿ ದಾಳಿಂಬೆ ಕೊಂಡೆ. ಒಂದು ಬಸ್ಸು ತುಂಬಿತ್ತು. ನಿಂತುಕೊಂಡು ಹೋಗಬಹುದಿತ್ತು, ಕೈಯಲ್ಲಿ ನುಚ್ಚಿನ ಡಬ್ಬಿ ಇದೆಯಲ್ಲ, ಚೆಲ್ಲೀತೆಂದು ಬಿಟ್ಟೆ. ಮುಂದಿನದು ಸಿಕ್ಕಿದ್ದು ಮೂರೂವರೆಗೆ. ಗಡಿಬಿಡಿ ಏನಿರಲಿಲ್ಲವಲ್ಲ.

ನಡುವೆ ನಮ್ಮ ಮನೆಯವರು ಫೋನ್ ಮಾಡಿದರು. ಅವರು ಅಂದು ಯಾವುದೋ ಕೆಲಸಕ್ಕೆ ಹುಬ್ಬಳ್ಳಿಗೆ ಹೋಗಿದ್ದರು. "ಹೊಂಟ್ಯಾ?" ಎಂದರು. ಹೊಂಟೇನಿ ಎಂದೆ. "ಆತು, ಆರಾಮ ಬಾ," ಎಂದರು. ಅಣ್ಣ ಅವರಿಗೆ ಬೆಳಿಗ್ಗೆಯೇ ಖರೆ ಸುದ್ದಿ ಹೇಳಿದ್ದ. ಅಳಿಯ ಗಂಡಸು, ಅವನ ಎದೆ ಗಟ್ಟಿ. ಅವರು ಹುಬ್ಬಳ್ಳಿಯಿಂದ ನೆಟ್ಟಗೆ ಲಕ್ಷ್ಮೇಶ್ವರದ ಬಸ್ಸು ಹಿಡಿದು ಹನ್ನೆರಡೂವರೆಗೆ ನನ್ನ ತವರುಮನೆ ಮುಟ್ಟಿದ್ದರು.

ಚಳಿಗಾಲದ ದಿನ. ನಾನು ಓಣಿಯ ತಿರುವಿಗೆ ಬಂದಾಗ ಐದೂವರೆ. ಮನೆಯ ಮುಂದೆ ಗಂಡಸರು ಸಾಲಾಗಿ ನಿಂತು ಕಾಲಿಗೆ ನೀರು ಹಾಕಿಕೊಳ್ಳುತ್ತಿದ್ದರು. ನಮ್ಮ ಮನೆಯವರ ಅಂಗೈ ತುಂಬ ಕೆಂಪು ಮಣ್ಣು. ಅವ್ವನನ್ನು ಕೂಡಿಸಿದ್ದ ಜಾಗದಲ್ಲಿ ವಿಭೂತಿ ಚೆಲ್ಲಿತ್ತು, ಉದುರಿದ ಚೆಂಡುಹೂವು ಇದ್ದವು. ಹೊತ್ತು ಮುಳುಗುವುದರೊಳಗೆ ಮಣ್ಣಾಗಬೇಕೆಂದು ಹಿರಿಯರು ಎಬ್ಬಿಸಿದ್ದರು. ನಾಲ್ಕೂವರೆವರೆಗೆ ಕಾದರಂತೆ.

"ಎಷ್ಟ ಹಾದಿ ನೋಡಿದ್ವಿ ಗೊತ್ತೇನು?" ಎಂದಳು ವೈನಿ. ಆಮೇಲೆ ಅವಳ ಕಣ್ಣು ನನ್ನ ಸೀರೆಯ ನಿರಿಗೆಗಳ ಮೇಲೆ ನಿಂತಿತು. "ಇಸ್ತ್ರಿ ಮಾಡಕೊಂಡ ಬಂದಾಳ ನೋಡ್ರಿ," ಎಂದು ಹಿಂದೆ ಯಾರೋ ಪಿಸುಗುಟ್ಟಿದರು. ಅಣ್ಣ ಅಲ್ಲೇ ಇದ್ದ. ನಾನೇ ಅವಳಿಗೆ ಸುಳ್ಳು ಹೇಳಿದ್ದೆ, ಅವಳ ತಪ್ಪಿಲ್ಲ, ಎನ್ನಲು ಎಷ್ಟು ಹೊತ್ತು ಬೇಕು? ಅನ್ನಲಿಲ್ಲ. ತಲೆ ಕೆಳಗೆ ಹಾಕಿ ಕಾಲು ತೊಳೆಯುತ್ತಿದ್ದ.

ಅಂದಿನಿಂದ ನಾನು ತಡ ಮಾಡಿ ಬಂದ ಮಗಳು. ಮದುವೆಗೆ ಹೋಗಲಿ, ಸೀಮಂತಕ್ಕೆ ಹೋಗಲಿ, ಯಾರಾದರೊಬ್ಬರು ನನ್ನ ಕಡೆ ಕೈಮಾಡಿ ಆ ಕತೆ ಹೇಳುತ್ತಾರೆ. ತಾಯಿ ಮುಖ ನೋಡುವುದಕ್ಕಿಂತ ರೊಟ್ಟಿ ಬಡಿಯುವುದು ಹೆಚ್ಚಾಯಿತಂತೆ. ಕತೆಯಲ್ಲಿ ಅಣ್ಣನ ಫೋನು ಬರುವುದೇ ಇಲ್ಲ. ಅಂಥ ಫೋನನ್ನು ಎಲ್ಲರ ಮನೆಯಲ್ಲೂ ಮಾಡುವುದರಿಂದ ಅದರಲ್ಲಿ ಹೇಳುವಂಥದ್ದು ಏನೂ ಇಲ್ಲವೆಂದು ಅವರ ಲೆಕ್ಕ. ನನಗೆ ಬೇಕಾಗಿದ್ದು ಒಂದೇ. ಅಣ್ಣ ಒಂದು ಸಲ, ನಾಲ್ಕು ಜನರ ಮುಂದೆ, ಸುಳ್ಳು ತನ್ನದೆಂದು ಒಪ್ಪಿಕೊಳ್ಳಬೇಕು. ಮೂರು ವರ್ಷ ಕಾದೆ. ನನ್ನ ಬಾಯಿಂದ ನಾನೇ ಹೇಳಿಕೊಂಡರೆ ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎನ್ನುತ್ತಿದ್ದರು.

ಟಿವಿಯಲ್ಲಿ ಕತೆ ಮುಂದೆ ಹೋಗಿತ್ತು. ಸತ್ತ ಮಾಸ್ತರನಿಗೆ ಒಬ್ಬ ಅಣ್ಣನಿದ್ದ, ಊರ ಹೊರಗೆ ಅರ್ಧ ತಾಸಿನ ಹಾದಿಯಲ್ಲಿ ಮನೆ. ಹೆಂಡತಿಗೆ ನೆಟ್ಟಗೆ ಸಾವು ಹೇಳಿದ ಅದೇ ಸಣಕಲು ಹೆಂಗಸು ಈ ಅಣ್ಣನಿಗೆ ಮಾತ್ರ ಫೋನಿನಲ್ಲಿ, ನಿಮ್ಮ ತಮ್ಮನಿಗೆ ಏನೋ ಆಗಿದೆ, ಠಾಣೆಗೆ ಬನ್ನಿ, ಎಂದಳು. ಅವನು ಮೂರು ತಾಸು ಬಿಟ್ಟು ಬಂದ. ಬಂದವನನ್ನು ಕುರ್ಚಿಯಲ್ಲಿ ಕೂಡಿಸಿದರು. ಕ್ಯಾಮರಾ ಅವನ ಬೂಟಿನ ಮೇಲೆ ನಿಂತಿತು. ಫಳಫಳ ಹೊಳೆಯುವ ಬೂಟು. ದಪ್ಪನವನು ಮೊದಲ ಬಾರಿಗೆ ತಿನ್ನುವುದನ್ನು ನಿಲ್ಲಿಸಿ ಹೇಳಿದ: ತಮ್ಮನಿಗೆ ಏನೋ ಆಗಿದೆ ಎಂದು ಕೇಳಿದವನು ಸಿಕ್ಕಿದ್ದನ್ನು ಮೆಟ್ಟಿಕೊಂಡು ಓಡಿ ಬರುತ್ತಾನೆ. ನೀನು ಬೂಟಿಗೆ ಪಾಲಿಶ್ ಮಾಡಿಕೊಂಡು ಬಂದೆ. ಯಾಕೆಂದರೆ ಅವಸರ ಮಾಡಿ ಪ್ರಯೋಜನವಿಲ್ಲವೆಂದು ನಿನಗೆ ಮೊದಲೇ ಗೊತ್ತಿತ್ತು.

ಅಲ್ಲಿಗೆ ಕೊಲೆಗಾರ ಸಿಕ್ಕ. ಪಡಸಾಲೆ ಮೆಚ್ಚಿ ತಲೆದೂಗಿತು.

"ಖರೆ ನೋಡ್ರಿ. ತಡಾ ಮಾಡಿ ಬಂದಾಗ ನನಗ ಸಂಶೆ ಬಂದಿತ್ತು," ಎಂದಳು ವೈನಿ. "ಒಡಹುಟ್ಟಿದಾವ್ರಿಗೆ ಆರಾಮಿಲ್ಲಂದ್ರ ಯಾರರ ಹಂಗ ಠಾಕುಠೀಕ ಆಗಿ ಬರತಾರೇನು?"

ಒಂದು ಗಳಿಗೆ ಯಾರೂ ನನ್ನತ್ತ ನೋಡಲಿಲ್ಲ. ನೋಡಲಿಲ್ಲ ಎಂಬುದರಿಂದಲೇ ಎಲ್ಲರಿಗೂ ಅದೇ ನೆನಪಾಗಿದೆಯೆಂದು ಗೊತ್ತಾಯಿತು. ನನಗೆ ಅವರೆಲ್ಲರ ಮೇಲೆ ಹೇಸಿಗೆ ಬಂತು. ಆ ಜರ್ಮನ್ನರ ಊರಿನಲ್ಲಿ ಅರ್ಧ ಸುದ್ದಿ ಹೇಳುವುದು ಕೊಲೆಗಾರನಿಗೆ ಒಡ್ಡುವ ಬಲೆ. ನಮ್ಮಲ್ಲಿ ಅದೇ ಬಲೆಯನ್ನು ಮಗಳಿಗೆ ಒಡ್ಡಿ ಕರುಣೆ ಎನ್ನುತ್ತಾರೆ.

"ಅಂವ ಪಾಲಿಶ್ ಮಾಡಕೊಂಡ ಬಂದಾ, ಕಳ್ಳಾದ," ಎಂದೆ. "ನಾ ಇಸ್ತ್ರಿ ಸೀರಿ ಉಟಗೊಂಡ ಬಂದೆ. ನನಗೂ ಬೇಡಿ ಹಾಕಸ್ರಿ."

ನಮ್ಮ ಮನೆಯವರು ಕೆಮ್ಮಿದರು. ಅವರಿಗೆ ಮಾತು ಬಾರದಾಗ ಕೆಮ್ಮು ಬರುತ್ತದೆ.

"ತಿಥಿ ದಿನ ಅವೆಲ್ಲ ಯಾಕವಾ," ಎಂದ ಅಣ್ಣ, ರಿಮೋಟು ಕೈಯಲ್ಲಿ ತಿರುಗಿಸುತ್ತ.

"ತಿಥಿ ಯಾರದು? ನನಗ ಸತ್ತಾಳಂತ ಹೇಳಿದ್ರ ನಾ ಉಟ್ಟ ಸೀರಿ ಮ್ಯಾಲ ಬರತಿದ್ದೆ. ಹೇಳಲಿಲ್ಲ ಯಾಕ?"

"ನಿನಗ ಬಿಪಿ ಇತ್ತಲ್ಲ."

"ನನಗ ಬಿಪಿ ಬಂದದ್ದ ಆಮ್ಯಾಲ."

ಯಾರೋ ಮೂಲೆಯಲ್ಲಿ ನಕ್ಕು ಬಾಯಿಗೆ ಕೈ ಹಚ್ಚಿಕೊಂಡರು. ಅಣ್ಣ ಟಿವಿಯ ದನಿ ಎರಡು ಮೆಟ್ಟಿಲು ಏರಿಸಿದ. ಕೋಳ ತೊಡಿಸಿದ ಕೈಗಳನ್ನು ನೋಡುತ್ತ ಹನ್ನೆರಡು ಜನರೂ ಕಂತು ಮುಗಿಯುವವರೆಗೆ ಕೂತರು. ದೂರದೇಶದ ಕೊಲೆಗಾರನ ಬಣ್ಣ ಬಯಲಾಗುವುದನ್ನು ಕಣ್ಣು ಮಿಟುಕಿಸದೆ ನೋಡುವ ಜನ, ಮನೆಯೊಳಗಿನ ಒಂದು ಸಣ್ಣ ಸುಳ್ಳು ಎದ್ದು ನಿಂತರೆ ಟಿವಿಯ ದನಿ ಏರಿಸುತ್ತಾರೆ.

ಚಹಾ ಆದ ಮೇಲೆ ನಾನು ಹಿತ್ತಲಿನಲ್ಲಿ ಚೀಲ ಹೊಂದಿಸುತ್ತಿದ್ದಾಗ ಅಣ್ಣ ಕುಂಟುತ್ತ ಬಂದ. ನೀರಿನ ಹೌದಿನ ಕಟ್ಟೆಯ ಮೇಲೆ ಕೂತ. ಸುಮಾರು ಹೊತ್ತು ಮಂಡಿ ತಿಕ್ಕಿಕೊಂಡ.

"ಆವತ್ತ ಮುಂಜಾನಿಂದ ಎಲ್ಲಾರಿಗೂ ನಾನ ಹೇಳಿದ್ದೆ. ಇಪ್ಪತ್ತ ಮಂದಿಗೆ ಹೇಳಿರಬೇಕು," ಎಂದ. "ನಿನಗ ಹಚ್ಚಿದಾಗ ಬಾಯಿ ಬರಲಿಲ್ಲ. ಅವ್ವ ಉಂಡಾಳೇನು ಅಂತ ಕೇಳಿದಿ. ನಿನ್ನ ಲೆಕ್ಕದಾಗ ಆಕಿ ಇನ್ನೂ ಇದ್ಲು. ಅಟ್ಟರ ಇರ್ಲಿ ಅನಸ್ತು."

ಅವನ ಕಣ್ಣು ತುಂಬಿದ್ದವು. ಸುಳ್ಳೇಕೆ ಹೇಳಲಿ, ಅವನ ಬೆನ್ನ ಮೇಲೆ ಕೈ ಇಡಬೇಕೆನಿಸಿತು. ಆದರೆ ಅದರ ಬೆನ್ನಿಗೇ ಸಿಟ್ಟೂ ಬಂತು. ಇದನ್ನು ಪಡಸಾಲೆಯಲ್ಲಿ ಯಾಕೆ ಹೇಳಲಿಲ್ಲ? ಹನ್ನೆರಡು ಜನರ ಮುಂದೆ ನನ್ನ ಮರ್ಯಾದೆ ಕಳೆದು, ಹಿತ್ತಲಿನಲ್ಲಿ ಒಬ್ಬಳಿಗೆ ಅದನ್ನು ತಿರುಗಿ ಕೊಡುವುದು ಯಾವ ನ್ಯಾಯ?

"ಇದನ್ನ ಒಳಗ ಬಂದ ಹೇಳು," ಎಂದೆ.

"ಎಲ್ಲಾರೂ ಎದ್ದ ಹೊಂಟಾರವಾ. ಇನ್ನ ಯಾರಿಗೆ ಹೇಳ್ಲಿ."

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ನಾನು ಚೀಲ ಎತ್ತಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದೆ.

ಇದಾಗಿ ನಾಲ್ಕು ತಿಂಗಳಿಗೆ ಶಿರಹಟ್ಟಿಯಲ್ಲಿ ಚಿಗವ್ವ ತೀರಿಕೊಂಡಳು. ಅವ್ವನ ಬೆನ್ನಿಗೆ ಬಿದ್ದ ತಂಗಿ. ಅವಳಿಗೆ ಒಬ್ಬಳೇ ಮಗಳು, ಕೊಟ್ಟದ್ದು ಮುಂಡರಗಿಗೆ. ನನಗಿಂತ ಹತ್ತು ವರ್ಷ ಸಣ್ಣವಳು, ನಾನೇ ತೊಡೆಯ ಮೇಲೆ ಹಾಕಿಕೊಂಡು ಎರೆದು ಬೆಳೆಸಿದವಳು. ಎರಡು ದಿನದಿಂದ ಚಿಗವ್ವನಿಗೆ ಹುಷಾರಿಲ್ಲವೆಂದು ನಾನೂ ಅಣ್ಣನೂ ಅಲ್ಲೇ ಇದ್ದೆವು. ಬೆಳಿಗ್ಗೆ ಏಳಕ್ಕೆ ಜೀವ ಹೋಯಿತು. ಹಿರಿಯರು ಎಂದಿನಂತೆ ಅಣ್ಣನ ಕಡೆ ನೋಡಿದರು. "ಹುಡುಗಿಗೆ ಹಚ್ಚಪಾ. ಸ್ವಲ್ಪ ಆರಾಮಿಲ್ಲ ಅನ್ನು, ಗಾಬರಿ ಆಗಬಾರದು."

ಅಣ್ಣ ನಂಬರು ಒತ್ತಿದ. ಗಂಟೆ ಹೊಡೆಯುತ್ತಿರುವಾಗಲೇ ಫೋನನ್ನು ನನ್ನ ಕೈಗೆ ಕೊಟ್ಟ. "ನನ್ನ ಕೈಲೆ ಆಗೂದಿಲ್ಲ. ನೀನ ಮಾತಾಡು," ಎಂದು ಅಂಗಳಕ್ಕೆ ಹೋಗಿ ನಿಂತ.

"ಅಕ್ಕಾ, ಇಷ್ಟ ಜಲ್ದಿ ಎದ್ದೀಯಲ್ಲ," ಎಂದಳು ಅವಳು. ಹಿಂದೆ ಕುಕ್ಕರ್ ಕೂಗುತ್ತಿತ್ತು. "ಅವ್ವ ಹೆಂಗದಾಳ? ರಾತ್ರಿ ಏನರ ಉಂಡ್ಲೇನು?"

ಅದೇ ಪ್ರಶ್ನೆ. ಅಣ್ಣನಿಗೆ ಆ ದಿನ ಬಾಯಿ ಯಾಕೆ ಬರಲಿಲ್ಲವೆಂದು ಆಗ ನನಗೆ ಗೊತ್ತಾಯಿತು. ಒಂದು ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು, ಬೇಯಿಸಿದ ಅನ್ನದಷ್ಟು ಮೆತ್ತಗೆ, ನಾನು ಬಾಯಿ ತೆರೆದಿದ್ದರೆ ತಾನೇ ಹೊರಗೆ ಬರುತ್ತಿತ್ತು. ಟಿವಿಯ ಆ ಸಣಕಲು ಹೆಂಗಸಿಗೆ ಇದು ಸುಲಭ. ಬಾಗಿಲು ತೆರೆದವಳನ್ನು ಅವಳೇನು ಎರೆದು ಬೆಳೆಸಿರಲಿಲ್ಲ.

"ಒಲಿ ಆರ್ಸು," ಎಂದೆ. "ಆರ್ಸಿದ್ಯಾ? ಕೆಳಗ ಕುಂಡ್ರು. ನಿಮ್ಮವ್ವ ಈಗ ಏಳಕ್ಕ ತೀರಿಕೊಂಡ್ಲು. ನಾ ಬಾಜೂಕ ಇದ್ದೆ. ಮಣ್ಣು ಸಂಜಿ ನಾಕಕ್ಕ. ಮನಿಯವರನ್ನ ಕರಕೊಂಡು ಈಗ ಹೊಂಡು."

ಆಮೇಲೆ ಕೇಳಿದ ದನಿಯನ್ನು ನಾನು ಬರೆಯಲಾರೆ. ಇಡೀ ಪಡಸಾಲೆಯ ಜನ ನನ್ನನ್ನು ಕಟುಕಳನ್ನು ನೋಡಿದ ಹಾಗೆ ನೋಡಿದರು. "ಸಾಲಿ ಮಾಸ್ತರಣಿ ನೋಡ್ರಿ, ಹಾಜರಿ ಹಾಕಿದಂಗ ಹೇಳಿದ್ಲು," ಎಂದು ಒಬ್ಬ ಹಿರಿಯ ಅಂದ. ಅಂಗಳದಿಂದ ಅಣ್ಣ ಒಳಗೆ ಬರಲಿಲ್ಲ.

ಅವಳು ಹತ್ತಕ್ಕೇ ಬಂದಳು. ಕಾರು ನಿಲ್ಲುವ ಮೊದಲೇ ಬಾಗಿಲು ತೆರೆದು ಇಳಿದಳು. ತಲೆ ಬಾಚಿರಲಿಲ್ಲ, ಸೆರಗು ಎಲ್ಲೋ ಇತ್ತು. ಚಿಗವ್ವನನ್ನು ಕೂಡಿಸಿದ್ದಲ್ಲಿಗೆ ಹೋಗಿ ಎದುರಿಗೆ ಕೂತು ಎರಡೂ ಅಂಗೈಯಲ್ಲಿ ಮುಖ ಹಿಡಿದುಕೊಂಡಳು. ವಿಭೂತಿ ಹಚ್ಚುವವರು ಬಂದರು, ಹೂವು ಹಾಕುವವರು ಬಂದರು, ಅವಳು ಬಿಡಲಿಲ್ಲ. ನಾಲ್ಕಕ್ಕೆ ಎಬ್ಬಿಸುವವರೆಗೆ ಆರು ತಾಸು ಅವಳು ತನ್ನ ತಾಯಿಯ ಎದುರಿಗಿದ್ದಳು. ನಾನು ಬಾಗಿಲ ಹತ್ತಿರ ನಿಂತು ನೋಡಿದೆ.

ಹನ್ನೊಂದನೆಯ ದಿನಕ್ಕೆ ನಾನು ಹೋದಾಗ ಅವಳು ಮುಖ ತಿರುಗಿಸಿದಳು. ಅಕ್ಕ ಕಲ್ಲಿನಂಥವಳು, ಒಂದೇ ಮಾತಿಗೆ ನನ್ನ ಕೊಂದಳು, ಎಂದು ಮುಂಡರಗಿಯಲ್ಲೂ ಶಿರಹಟ್ಟಿಯಲ್ಲೂ ಹೇಳಿಕೊಂಡು ತಿರುಗುತ್ತಿದ್ದಾಳೆ. ನಮ್ಮ ವೈನಿ ಹೌದೌದು ಎನ್ನುತ್ತಾಳೆ. ಮಂದಿಗೆ ನಾನು ಈಗ ತಡ ಮಾಡಿ ಬಂದ ಮಗಳಷ್ಟೇ ಅಲ್ಲ, ಕರುಳಿಲ್ಲದ ಅಕ್ಕನೂ ಹೌದು. ಫೋನ್ ಮಾಡಿದರೆ ಅವಳು ಎತ್ತುವುದಿಲ್ಲ. ನಾನೂ ಮಾಡುವುದನ್ನು ಬಿಟ್ಟಿದ್ದೇನೆ.

ಮಾತು ಬಿಟ್ಟರೆ ಬಿಡಲಿ. ಅವಳು ತನ್ನ ಅವ್ವನ ಮುಖ ನೋಡಿದಳು. ನಾನು ನೋಡಲಿಲ್ಲ.